ಅವ್ವನ ಬಂಗಲೆ ಹೂವು

ಗಿಡ ಕಿತ್ತು ಬೇರೆ ಕಡೆ ನೆಡುವುದಕ್ಕೆ ಒಂದು ಕಾಲವಿದೆ. ಮುಂಗಾರು ಹಿಡಿದು ನೆಲ ನೆನೆದ ಮೇಲೆ ಕಿತ್ತರೆ ಯಾವ ಗಿಡವೂ ತಕರಾರಿಲ್ಲದೆ ಬೇರು ಬಿಡುತ್ತದೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಮ್ಮ ಮನೆಗೆ ಬರುವುದೂ ಮುಂಗಾರಿನ ಜೊತೆಗೇ ಎಂದು ಹೇಳಿಬಿಟ್ಟಿದ್ದರು. ಮಳೆ ಹಿಡಿದರೆ ನಮ್ಮೂರಿನ ದಾರಿಯಲ್ಲಿ ಲಾರಿ ಇಳಿಯುವುದಿಲ್ಲ. ಹಾಗಾಗಿ ನಾವು ಊರು ಬಿಟ್ಟದ್ದು ನಡು ಬೇಸಿಗೆಯಲ್ಲಿ. ದೇಶಕ್ಕೆಲ್ಲ ದೀಪ ಹತ್ತುತ್ತದೆ ಎಂದು ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಅವರ ಮನೆ ಯಾವುದೂ ಮುಳುಗುತ್ತಿರಲಿಲ್ಲ.

ಒಯ್ಯಲೇಬೇಕೆಂದು ಅವ್ವ ಹಟ ಹಿಡಿದದ್ದು ಒಂದೇ ಗಿಡಕ್ಕೆ. ಹೈಡ್ರೇಂಜಿಯಾ ಎಂಬ ಹೆಸರು ನನಗೆ ತಿಳಿದದ್ದು ಬಹಳ ಆಮೇಲೆ. ಹೊಸನಗರದ ಪ್ರವಾಸಿ ಬಂಗಲೆಯಿಂದ ಯಾರೋ ಕಡ್ಡಿ ತಂದುಕೊಟ್ಟಿದ್ದರಿಂದ ನಮ್ಮ ಮನೆಯಲ್ಲಿ ಅದು ಬಂಗಲೆ ಹೂವು. ಎರಡು ಕೈ ಸೇರಿಸಿದರೂ ತುಂಬಿ ಹೊರಚೆಲ್ಲುವಂಥ ಗೊಂಚಲು, ಕಡು ನೀಲಿ. ಅದು ಬಚ್ಚಲಿನ ಹಿಂದೆ ಇತ್ತು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಹಲ್ಲು ಬರುವ ಮೊದಲೇ ಹೋದ. ಹಲ್ಲು ಬಾರದ ಕೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಅವನನ್ನು ಮಲಗಿಸಿದ ಜಾಗದ ಮೇಲೆ ಅವ್ವ ಆ ಕಡ್ಡಿ ಊರಿದ್ದಳು.

ಹೊರಡುವ ಬೆಳಿಗ್ಗೆ ಅಪ್ಪಯ್ಯ ಹಾರೆ ಹಾಕಿ ಗಿಡ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಲಾರಿಗೆ ಹಾಕಿದರು. ತೀರ್ಥಹಳ್ಳಿ ಕಡೆಯ ಬೋಳುಗುಡ್ಡದಲ್ಲಿ ನಮಗೆ ಸಿಕ್ಕ ಜಾಗಕ್ಕೆ ಬಂದು ಗೋಣಿ ಬಿಚ್ಚಿದಾಗ ಬರೀ ಬೇರು ಕಂಡಿತು.

“ಮಣ್ಣು ಎಲ್ಲಿ?” ಅಂದಳು ಅವ್ವ.

“ಅಷ್ಟು ಭಾರ ಎಂತಕ್ಕೆ ಹೊರೋದು ಮಾರಾಯ್ತಿ ಅಂತ ಕೊಡವಿದೆ. ಗಿಡ ಬಂತಲ್ಲ.”

“ನಂಗೆ ಗಿಡ ಬೇಕು ಅಂತ ಯಾರು ಹೇಳಿದ್ರು?”

ಅಪ್ಪಯ್ಯನಿಗೆ ಆಗ ಅರ್ಥವಾಯಿತು. ಅವರು ಗುಂಡಿ ತೋಡಿದರು.

ಆ ಬಿಸಿಲಿಗೆ ಗಿಡದ ಎಲೆಯೆಲ್ಲ ಸುಟ್ಟು ಉದುರಿತು. ಒಂದು ಕಡ್ಡಿ ಮಾತ್ರ ಉಳಿಯಿತು. ದನಗಳನ್ನು ಅಲ್ಲೇ ಅವರಿವರಿಗೆ ಕೊಟ್ಟು ಬಂದಿದ್ದೆವು, ಗೊಬ್ಬರವಿರಲಿಲ್ಲ. ನಮ್ಮಲ್ಲಿ ಯಾವ ಗಿಡ ಸೊರಗಿದರೂ ಬಚ್ಚಲೊಲೆಯ ಬೂದಿ ಹಾಕುವುದು ವಾಡಿಕೆ. ಅವ್ವ ದಿನಾ ಬೂದಿ ಬಾಚಿ ಅದರ ಬುಡಕ್ಕೆ ಹಾಕಿದಳು. ಗಿಡ ಚಿಗುರಿತು, ಹರಡಿತು, ಹೂ ಮಾತ್ರ ಬಿಡಲಿಲ್ಲ. ಮಳೆ ನಿಂತ ಮೇಲೆ ಅಪ್ಪಯ್ಯ ದಾಸವಾಳ ಸವರಿದ ಹಾಗೆ ಅದನ್ನೂ ಸವರುತ್ತಿದ್ದರು. ಹಿಂದಿನ ವರ್ಷದ ಕಡ್ಡಿಯಲ್ಲೇ ಮೊಗ್ಗು ಕಟ್ಟುವ ಗಿಡ ಅದು. ಪಾಪ, ಚೆನ್ನಾಗಿ ಹೂ ಬಿಡಲಿ ಎಂದೇ ಬರುವ ವರ್ಷದ ಹೂವನ್ನು ಅವರು ಕಡಿದು ಹಾಕುತ್ತಿದ್ದರು.

ಒಂದು ವರ್ಷ ಅವರು ಚಳಿಜ್ವರ ಬಂದು ಮಲಗಿದರು, ಕತ್ತಿ ಹಿಡಿಯಲಿಲ್ಲ. ಮುಂದಿನ ಮಳೆಗೆ ಹೂ ಬಂತು. ಗುಲಾಬಿ ಬಣ್ಣದ್ದು.

ಅವ್ವ ಅದನ್ನು ನೋಡುತ್ತಾ ನಿಂತಳು. “ಇದು ಅವನದ್ದಲ್ಲ” ಅಂದಳು. “ಅವ ಅಲ್ಲೇ ನೀರಲ್ಲಿ ಉಳ್ಕೊಂಡ.”

ಅಲ್ಲಿಂದ ಅವ್ವ ಕರಗತೊಡಗಿದಳು. ಉಣ್ಣಲು ಕೂತರೆ ಅನ್ನವನ್ನು ಬೆರಳಲ್ಲಿ ಅತ್ತಿತ್ತ ಮಾಡಿ ಏಳುತ್ತಿದ್ದಳು. ಬಚ್ಚಲಿಗೆ ನೀರು ಹೊರಲೂ ಶಕ್ತಿ ಉಳಿಯಲಿಲ್ಲ. ಇವಳೂ ಹೋಗುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಅಪ್ಪಯ್ಯನಿಗೂ ಆಗಿರಬೇಕು.

ಬೇಸಿಗೆಯಲ್ಲಿ ಅವರು ಒಂದು ಚೀಲ ಹಿಡಿದು, ನನ್ನನ್ನೂ ಕರೆದುಕೊಂಡು ಸಾಗರದ ಬಸ್ಸು ಹತ್ತಿದರು. ನಮ್ಮೂರಿನ ದಾರಿ ನೇರ ನೀರಿಗೆ ಇಳಿದು ಅಲ್ಲಿಗೇ ಮುಗಿದಿತ್ತು. ಎದುರಿನ ಗುಡ್ಡದ ನೆತ್ತಿಯೊಂದು ಬಿಟ್ಟರೆ ಗುರುತು ಸಿಗುವಂಥದ್ದು ಏನೂ ಇರಲಿಲ್ಲ. ಅಪ್ಪಯ್ಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದು ಬೀಡಿ ಮುಗಿಸಿದರು. ವಾಪಸು ಬರುವಾಗ ಇಕ್ಕೇರಿ ಹತ್ತಿರದ ಗುಡ್ಡದ ಬದಿಯಲ್ಲಿ ಕೆಮ್ಮಣ್ಣು ಕೆರೆದು ಚೀಲ ತುಂಬಿಸಿದರು.

“ಅವ್ವನ ಹತ್ರ ಎಂತದೂ ಹೇಳ್ಬೇಡ” ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇದ್ದ ಮಣ್ಣು ಕೊಡವಿ ಬಂದವರು ಈಗ ಯಾವುದೋ ಗುಡ್ಡದ ಮಣ್ಣು ಹೊರುತ್ತಿದ್ದಾರೆ. ಅವರು ಆ ಚೀಲವನ್ನು ಬಸ್ಸಿನಲ್ಲಿ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

“ಬಚ್ಚಲ ಹಿಂದಿಂದು” ಎಂದು ಅವ್ವನ ಮುಂದೆ ಚೀಲ ಇಟ್ಟರು. “ಬೇಸಿಗೆ ಅಲ್ವಾ, ನೀರು ಇಳ್ದಿತ್ತು.”

ಅವ್ವ ಒಂದು ಹಿಡಿ ತೆಗೆದು ಮೂಸಿದಳು. ಗಿಡದ ಬುಡದ ಬೂದಿಮಣ್ಣನ್ನೆಲ್ಲ ಕೈಯಿಂದಲೇ ಬಗೆದು ತೆಗೆದು ಆ ಮಣ್ಣನ್ನು ತುಂಬಿದಳು. ಮರುದಿನ ನಾನು ವಾಡಿಕೆಯಂತೆ ಬೂದಿ ತಂದಾಗ ತಡೆದಳು. “ಕೂಸಿನ ಮೇಲೆ ಬೂದಿ ಹಾಕ್ತಾರಾ?”

ಬೂದಿ ಬಿದ್ದರೆ ಆ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕೆಮ್ಮಣ್ಣಿನಂಥ ಹುಳಿ ಮಣ್ಣಿನಲ್ಲಿ ನೀಲಿಯಾಗುತ್ತದೆ ಎಂದು ಈಗ ನನಗೆ ಗೊತ್ತು. ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುಲಾಬಿ ಹೂ ಕಂಡ ಮೇಲೆ ಅಪ್ಪಯ್ಯ ಆ ಗಿಡಕ್ಕೆ ಮತ್ತೆ ಕತ್ತಿ ತಾಗಿಸಿರಲಿಲ್ಲ. ಮರುವರ್ಷದ ಮೊದಲ ಮಳೆಗೆ ಬಂದ ಗೊಂಚಲು ನೀಲಿಗೆ ತಿರುಗಿತ್ತು.

ಅವ್ವ ಅದರ ಮುಂದೆ ನೆಲಕ್ಕೇ ಕೂತು ನಮ್ಮನ್ನು ಕೂಗಿದಳು. “ಬಂದ ನೋಡಿ” ಅಂದಳು. ನಾನು ಅಪ್ಪಯ್ಯನ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಕತ್ತಿಯನ್ನು ಕಟ್ಟೆಯ ಮೇಲಿಟ್ಟು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನೀರು ಸುರಿದುಕೊಳ್ಳುವ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ.