ಮೇಲ್ ನನ್ನದು, ನಂಬರ್ ಜೆರಾಕ್ಸ್ ಅಣ್ಣನದು

ಗೆಳೆಯರೇ, ಇವತ್ತು ಐದು ಗಂಟೆಯೊಳಗೆ ಕಾಲೇಜಿಗೆ ಪ್ರಾಜೆಕ್ಟ್ ರಿಪೋರ್ಟ್ ಮೇಲ್ ಮಾಡಬೇಕಿತ್ತು. ನಾಲ್ಕೂವರೆಗೆ ನನ್ನ ಮೇಲ್ ನನ್ನನ್ನೇ ಹೊರಗೆ ಹಾಕಿ, ನೀನು ನೀನೇ ಅಂತ ಸಾಬೀತು ಮಾಡು ಎಂದು ಕೂತಿತು. ಪಾಸ್‌ವರ್ಡ್ ಮರೆತಿದೆ. ಓಟಿಪಿ ಹೋಗಿದ್ದು 43ಕ್ಕೆ ಮುಗಿಯುವ ಯಾವುದೋ ನಂಬರಿಗೆ. ಮನೆಯಲ್ಲಿ ಯಾರದೂ ಅಲ್ಲ.

ಆಮೇಲೆ ಹೊಳೆಯಿತು. ಹತ್ತನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ ಅರ್ಜಿಗೆ ಈ ಮೇಲ್ ಮಾಡಿಕೊಟ್ಟವರು ನಮ್ಮೂರು ಎಕ್ಕಂಬಿಯ ಜೆರಾಕ್ಸ್ ಅಂಗಡಿಯ ಅಣ್ಣ. ಶಿರಸಿಯ ಹಾಸ್ಟೆಲಿನಿಂದಲೇ ಫೋನ್ ಮಾಡಿದೆ.

“ಗಾಬರಿ ಆಗಬ್ಯಾಡ ತಂಗಿ. ಊರಾಗಿನ ಅರ್ಧ ಹುಡುಗರ ಮೇಲಿಗೆ ನನ್ನ ನಂಬರೇ ಐತಿ. ಬರ್ಕೋ” ಎಂದು ಓಟಿಪಿ ಓದಿದರು. ಐದಕ್ಕೆ ಎರಡು ನಿಮಿಷ ಇರುವಾಗ ರಿಪೋರ್ಟ್ ಹೋಯಿತು.

ಈಗ ಮೇಲ್ ಕೇಳುತ್ತಿದೆ, ನಂಬರ್ ಬದಲಿಸಬೇಕಾ ಅಂತ. ಬೇಡ ಮಾರಾಯ. ನನ್ನ ಮೊಬೈಲಿನಲ್ಲಿ ಚಾರ್ಜೇ ಇರುವುದಿಲ್ಲ. ಅಣ್ಣ ಒಂದೇ ರಿಂಗಿಗೆ ಎತ್ತುತ್ತಾರೆ.