ಸೋಮವಾರ ತೋರಿಸಿದ ಬಾವಿ

ಹೊಸ ಬಾವಿ ತೋಡುವ ರೈತರಿಗೆ ಸರ್ಕಾರ ಸಹಾಯಧನ ಕೊಡುತ್ತಿದ್ದ ಕಾಲ. ಅರವತ್ತರ ಆಸುಪಾಸು ಇರಬೇಕು. ನಾನಾಗ ಗೋಕಾಕ ತಾಲೂಕಿನಲ್ಲಿ ಗ್ರಾಮಸೇವಕ. ಸೈಕಲ್ಲಿಗೆ ಚೀಲ ಸಿಗಿಸಿಕೊಂಡು ಊರೂರು ತಿರುಗುವುದು, ಅರ್ಜಿ ಬರೆಸುವುದು, ಸಾಹೇಬರನ್ನು ಕರೆತಂದು ಬಾವಿ ತೋರಿಸುವುದು ನನ್ನ ಕೆಲಸ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಗಳಲ್ಲಿ ನಾನೂ ಒಬ್ಬ. ಠೀವಿಗೇನೂ ಕಡಿಮೆ ಇರಲಿಲ್ಲ.

ಮೇಲವಂಕಿಯಲ್ಲಿ ಗಂಡ ತೀರಿಕೊಂಡ ಮೇಲೆ ತಾನೇ ಒಕ್ಕಲುತನ ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳು ಬಾವಿ ತೋಡಿಸಿದ್ದಳು. ನೀರೂ ಬಿದ್ದಿತ್ತು. ಆದರೆ ಅದು ಎರೆಮಣ್ಣು. ಮಳೆಗಾಲದೊಳಗೆ ಸುತ್ತ ಕಲ್ಲು ಕಟ್ಟಿಸದಿದ್ದರೆ ಕುಸಿದು ಬಾವಿಯೇ ಮುಚ್ಚಿಹೋಗುತ್ತಿತ್ತು. ಆ ಕಲ್ಲಿಗೆ ಸಹಾಯಧನದ ಕೊನೆಯ ಕಂತೇ ಗತಿ. ಸಾಹೇಬರು ನೀರು ಎತ್ತಿಸಿ, ಕಣ್ಣಾರೆ ನೋಡಿ ಬರೆದುಕೊಟ್ಟರೆ ಮಾತ್ರ ಅದು ಬರುವುದು, ಅದೂ ಮಾರ್ಚ್ ಮುಗಿಯುವುದರೊಳಗೆ. ಕಾಡಿ ಬೇಡಿ ಸಾಹೇಬರಿಂದ ತಿಂಗಳ ಕೊನೆಯ ದಿನವನ್ನು ಗಿಟ್ಟಿಸಿದೆ. ಅದು ಸೋಮವಾರ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹುಕ್ಕೇರಿ ಕಡೆಯ ಒಕ್ಕಲುಮನೆಯಲ್ಲೇ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ನೌಕರಿ ಸಿಕ್ಕ ಮೇಲೆ ರವಿವಾರ ಒಂದನ್ನು ಬಿಟ್ಟು ಉಳಿದ ವಾರಗಳೆಲ್ಲ ಮರೆತುಹೋಗಿದ್ದವು, ಅಷ್ಟೇ.

ಸಾಹೇಬರ ಜೀಪು ಹೊಲದ ಬದುವಿಗೆ ಬಂದು ನಿಂತಾಗ ಎತ್ತುಗಳು ಬೇವಿನ ನೆರಳಿನಲ್ಲಿ ಮೆಲುಕು ಹಾಕುತ್ತಿದ್ದವು. ತೊಗಲಿನ ಚೀಲದಿಂದ ನೀರೆತ್ತುವ ಕಪಲಿ ಸಿದ್ಧವಾಗಿತ್ತು. ಎತ್ತು ಹೂಡಲು ಹೇಳಿದೆ.

"ಇವತ್ತ ಸೋಮವಾರ," ಅಂದಳು.

"ನಾಕ ಸಲ ಎಳಿಸಿದ್ರ ಮುಗೀತಬೇ ಯವ್ವಾ. ಎತ್ತೇನ್ ಬ್ಯಾಡ ಅಂತಾವು?"

"ಅವಕ್ಕ ಬಾಯಿಲ್ಲೋ ತಮ್ಮಾ. ಅದಕ್ಕ ನಾವ ತಿಳ್ಕೋಬೇಕು."

ಸಾಹೇಬರು ಗಡಿಯಾರ ನೋಡಿಕೊಂಡರು. ಅವಳು ಮಾತ್ರ ಸೆರಗು ಬಿಗಿದು ಸಿಗಿಸಿ, ಇಬ್ಬರು ಮಕ್ಕಳನ್ನೂ ಸೊಸೆಯನ್ನೂ ಕರೆದು, ಎತ್ತುಗಳು ಇಳಿಯುವ ಇಳಿಜಾರಿನಲ್ಲಿ ತಾನೇ ಮುಂದೆ ನಿಂತು ಹಗ್ಗ ಹಿಡಿದಳು. ನಾಚಿಕೆಯಾಗಿ ನಾನೂ ಹಿಂದೆ ಕೈ ಹಚ್ಚಿದೆ. ಚೀಲ ಮೇಲೆ ಬಂತು, ನೀರು ದಬದಬ ಕಾಲುವೆಗೆ ಬಿತ್ತು. ಎಷ್ಟೋ ಬಾವಿ ನೋಡಿದ್ದೇನೆ, ಇಂಥ ಗಟ್ಟಿ ಜೀವವನ್ನು ಇನ್ನೊಂದು ನೋಡಲಿಲ್ಲ.

ಮೂರನೆಯ ಸಲ ಹಗ್ಗ ಸರ್ರನೆ ಜಾರಿತು. ಮುಂದಿದ್ದ ಅವಳ ಹೆಬ್ಬೆರಳುಗಳ ತೊಗಲು ಹಗ್ಗದ ಜೊತೆಗೇ ಹೋಯಿತು. ಆದರೂ ಕೈ ಬಿಡಲಿಲ್ಲ.

"ಸಾಕ್ ಬಿಡ್ರಿ ಅವ್ವಾರ," ಅಂದರು ಸಾಹೇಬರು.

"ನೀರ ಇಳದಿಲ್ಲ ನೋಡ್ರಿ ಸಾಹೇಬ್ರ. ಖರೆ ನೋಡೇ ಬರೀರಿ," ಎಂದು ಇನ್ನೊಂದು ಸಲ ಎಳೆಸಿದಳು.

ಸಾಹೇಬರು ವರದಿ ಬರೆದರು. ಅದರಡಿ ಅವಳ ಹೆಬ್ಬೆಟ್ಟು ಬೇಕು. ಒತ್ತಿಸಿದೆ. ಗೆರೆ ಒಂದೂ ಮೂಡಲಿಲ್ಲ, ಶಾಯಿಯೊಳಗೆ ರಕ್ತ ಕಲಸಿಕೊಂಡು ಬರೀ ಒಂದು ಕಲೆ. ಇನ್ನೊಂದು ಹೆಬ್ಬೆರಳೂ ಅಷ್ಟೇ. ಇಂಥ ಕಾಗದವನ್ನು ಕಚೇರಿಯಲ್ಲಿ ಮುಟ್ಟುವವರಿಲ್ಲ ಎಂದು ನನಗೆ ಗೊತ್ತಿತ್ತು. ಕಂತು ಹೋಯಿತು, ಬಾವಿಯೂ ಹೋಯಿತು ಅಂದುಕೊಂಡೆ.

ಸಾಹೇಬರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಜೀಪಿನ ಮೇಲಿಟ್ಟು, ಆ ಕಲೆಯ ಕೆಳಗೆ ಬರೆದರು: "ಈ ಹೆಬ್ಬೆರಳಿನ ಗೆರೆಗಳು ನನ್ನ ಕಣ್ಣೆದುರೇ ಬಾವಿಯ ಹಗ್ಗಕ್ಕೆ ಹೋಗಿವೆ. ಹಣ ಕೊಡತಕ್ಕದ್ದು."