ನನಗಿದ್ದದ್ದು ಒಂದೇ ಡೈಲಾಗ್

ಅಜ್ಜಂಪುರದಲ್ಲಿ ನನ್ನದು ಪಂಕ್ಚರ್ ಅಂಗಡಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ತಂಗಿ ದಿನಾ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ಬಿ.ಎ. ಓದುತ್ತಾಳೆ. ಅವಳ ಕಾಲೇಜಿನಲ್ಲಿ ಕಿರುಚಿತ್ರ ಮಾಡಲು ಹೇಳಿದ್ದರಂತೆ. ಅದರಲ್ಲಿ ಅಣ್ಣನ ಪಾತ್ರ ಮಾಡು ಎಂದು ನನ್ನನ್ನೇ ಕೇಳಲು ಬಂದಳು.

"ಮನುಷ್ಯನ ವ್ಯಕ್ತಿತ್ವ, ಭಾವನೆ. ಇದು ಸಬ್ಜೆಕ್ಟು."

"ವ್ಯಕ್ತಿತ್ವ ಅಂದ್ರೆ?"

"ಗುಣ ಕಣಣ್ಣ. ನಿಂಗೆ ಡೈಲಾಗ್ ಒಂದೇ ಒಂದು."

"ಒಂದೇ ಆದ್ರೆ ನಾನ್ಯಾಕೆ? ಆ ಗಾಳಿ ಹೊಡೆಯೋ ಕಂಪ್ರೆಸರ್ ಹತ್ರ ಹೇಳ್ಸು."

ನಕ್ಕಳು. ಅವಳು ನನ್ನೆದುರು ನಕ್ಕು ಎಷ್ಟೋ ತಿಂಗಳಾಗಿತ್ತು. ಅದಕ್ಕೇ ಒಪ್ಪಿಕೊಂಡೆ.

ಆಮೇಲೆ ಕತೆ ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ತಂಗಿ ತನ್ನ ಕ್ಲಾಸಿನ ಹುಡುಗನೊಬ್ಬನ ಜೊತೆ ಮಾತಾಡುತ್ತಾ ನಿಂತಿರುತ್ತಾಳೆ. ಅಣ್ಣ ಬಂದವನೇ, ಏನು ಎತ್ತ ಎಂದು ಕೇಳದೆ, ಎಲ್ಲರೆದುರು ಅವಳ ಕೆನ್ನೆಗೆ ಬಾರಿಸುತ್ತಾನೆ.

ನಾನು ತಲೆ ಎತ್ತಲಿಲ್ಲ. ಕೆಲವು ತಿಂಗಳ ಹಿಂದೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹಾಗೆ ಹೊಡೆದವನು ನಾನೇ. ಆ ಹುಡುಗ ಅವಳ ನೋಟ್ಸ್ ವಾಪಸ್ ಕೊಡಲು ಬಂದಿದ್ದ ಎಂದು ಗೊತ್ತಾದ ಮೇಲೂ ಆ ಮಾತೆತ್ತಲಿಲ್ಲ. ಮಾರನೇ ದಿನ ಅವಳ ಮೊಬೈಲಿಗೆ ರೀಚಾರ್ಜ್ ಮಾಡಿಸಿದ್ದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

"ಹೊಡೆಯೋದು ತೋರ್ಸಲ್ಲ, ಬರೀ ಸದ್ದು. ಕೊನೇಲಿ ಅಣ್ಣ ಬಂದು 'ತಪ್ಪಾಯ್ತು ಕಣೇ' ಅಂತಾನೆ. ಅಷ್ಟೇ."

"ಯಾವ ಅಣ್ಣ ಹಂಗಂತಾನೆ?"

"ಸಿನಿಮಾದಲ್ಲಿ ಅಂತಾನೆ," ಅಂದಳು.

ಭಾನುವಾರ ಅಂಗಡಿಯಲ್ಲೇ ಚಿತ್ರೀಕರಣ ಎಂದಾಯಿತು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಬಂದವನು ಅದೇ ನೋಟ್ಸಿನ ಹುಡುಗ. ಜೊತೆಗೊಬ್ಬಳು ಗೆಳತಿ. ಮೊದಲು ರಿಹರ್ಸಲ್. ತಂಗಿ ಸ್ಟೂಲಿನ ಮೇಲೆ ಕೂತಳು. ನಾನು ನಡೆದು ಬಂದೆ, ನಿಂತೆ, ಅವಳನ್ನು ನೋಡಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು.

"ಆಯ್ತು ಬಿಡು ಈಗ," ಅಂದೆ.

"ಅದಲ್ಲ ಅಣ್ಣ."

ಮತ್ತೆ ಬಂದೆ. "ಏನೋ ಆಗೋಯ್ತು."

"ಅದೂ ಅಲ್ಲ! ತಪ್ಪಾಯ್ತು ಅನ್ನು."

ಗೆಳತಿ ವೇಲ್ ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಸಾರಿ ಅಂತ ಇಟ್ಬಿಡೇ, ಇಂಗ್ಲಿಷಾದ್ರೆ ಸುಲಭ."

ಅದನ್ನೂ ಪ್ರಯತ್ನಿಸಿದೆ. ಅದೂ ಆಗಲಿಲ್ಲ. ತಂಗಿ ಎದ್ದು ಬಂದು ತೋಳು ಹಿಡಿದುಕೊಂಡಳು. "ನಾಳೆ ಕಾಲೇಜಿಗೆ ಕೊಡ್ಬೇಕು ಅಣ್ಣ. ನಟನೆ ತಾನೆ? ಒಂದ್ಸಲ ಅನ್ನು, ದಮ್ಮಯ್ಯ."

ಅವಳು ಬೇಡುತ್ತಿದ್ದದ್ದು ಸಿನಿಮಾಕ್ಕಾಗಿ ಅಲ್ಲ ಎಂದು ನನಗೆ ತಿಳಿಯಿತು. ತಿಳಿದದ್ದೇ ಕಷ್ಟವಾಯಿತು. ಬಾಯಿಂದ ಬೇರೆಯದೇ ಬಂತು.

"ಮನೆ ಮರ್ಯಾದೆ ಊರ ಮುಂದೆ ತೆಗೆಯೋಕೆ ನಿಂಗೆ ಕಾಲೇಜು ಬೇಕಾ? ನಿನ್ ಸಿನಿಮಾನೂ ಬೇಡ, ನೀನೂ ಬೇಡ!"

ಅವಳು ಅಳಲಿಲ್ಲ. ನಾನು ಹೊರಗೆ ಬಂದು ನಿಂತೆ. ಒಳಗೆ ಮೊಳೆಯಲ್ಲಿ ನೇತಾಡುತ್ತಿದ್ದ ನನ್ನ ಗ್ರೀಸ್ ಮೆತ್ತಿದ ಅಂಗಿಯನ್ನು ಅವಳು ತೆಗೆದು ಆ ಹುಡುಗನಿಗೆ ಕೊಟ್ಟಳು.

"ನೀನೇ ಹಾಕ್ಕೊ. ಮುಖ ಬೇಡ, ಬೆನ್ನಿಂದ ತೆಗೆಯೋಣ."

ಮೊಬೈಲ್ ಗೆಳತಿಯ ಕೈಗೆ ಹೋಯಿತು. ನನ್ನ ಅಂಗಿ ಅವನ ಹೆಗಲಿಗೆ ದೊಗಲೆಯಾಗಿತ್ತು. ನಡೆದು ಬಂದ, ನಿಂತ, "ತಪ್ಪಾಯ್ತು ಕಣೇ" ಅಂದ. ಎಷ್ಟು ಸಲೀಸಾಗಿ ಅಂದುಬಿಟ್ಟ! ತಂಗಿ ನೋಡಿದ್ದು ಅವನನ್ನಲ್ಲ. ಅವನ ಹೆಗಲಿನಾಚೆ ನಿಂತಿದ್ದ ನನ್ನನ್ನು. ಕಣ್ಣು ತುಂಬಿತ್ತು. ಗೆಳತಿ ಕಟ್ ಅನ್ನುವುದನ್ನೇ ಮರೆತಳು.

ಆಗಲಾದರೂ ಒಳಗೆ ಹೋಗಬಹುದಿತ್ತು. ಯಾರೋ ಬೈಕ್ ತಳ್ಳಿಕೊಂಡು ಬಂದರು. ಸದ್ಯ ಬದುಕಿದೆ ಎಂದುಕೊಂಡು ಅತ್ತ ಹೋದೆ.

ಈಗ ಅವಳು ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ. ಬಸ್ಸು ಲೇಟಾಯಿತು, ಕರೆಂಟಿಲ್ಲ, ಊಟಕ್ಕೆ ಬಾ. ಸಿಟ್ಟಿಲ್ಲ, ಮುನಿಸಿಲ್ಲ. ನನ್ನಿಂದ ಇನ್ನೇನೂ ಬೇಕಿಲ್ಲದವಳ ಹಾಗೆ.